ಅಕ್ಕ, ಲೂಸಿ ಮತ್ತು ಓಡುವ ಬೆಲ್ಟು

ಅಕ್ಕ ಬಾಯ್ತುಂಬ ನಕ್ಕಿದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. 14 ವರ್ಷ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದು, ಸೊಂಟ ಕೈಕೊಟ್ಟ ಮೇಲೆ ಕೆಲಸ ಬಿಟ್ಟು, ಹೋದ ಮಳೆಗಾಲದಲ್ಲಿ ತುಮಕೂರಿನ ನಮ್ಮ ಮನೆಗೆ ಬಂದು ಎರಡು ತಿಂಗಳು ಇದ್ದಳು. ಬಗ್ಗಬಾರದು, ಭಾರ ಎತ್ತಬಾರದು, ಹೆಚ್ಚು ಹೊತ್ತು ಕೂರಬಾರದು ಅಂತ ಡಾಕ್ಟರು ಹೇಳಿದ್ದರು. ಅವಳು ಮಲಗಿದಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಮಲಗಿದಲ್ಲೇ ಸೊಪ್ಪು ಬಿಡಿಸುತ್ತಿದ್ದಳು. ಕೈ ಸುಮ್ಮನಿದ್ದರೆ ಅವಳಿಗೆ ಭಯವಾಗುತ್ತಿತ್ತು ಅಂತ ನನಗೆ ಅನಿಸುತ್ತದೆ.

ಒಂದು ಸಂಜೆ ನನ್ನ ಮಗಳು ಅವಳ ಪಕ್ಕ ಮಲಗಿ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. ಕಪ್ಪು ಬಿಳುಪು ಚಿತ್ರ. ಬಿಳಿ ಟೋಪಿ ಹಾಕಿದ ಇಬ್ಬರು ಹೆಂಗಸರು, ಎದುರಿಗೆ ಹರಿಯುವ ಬೆಲ್ಟು, ಅದರ ಮೇಲೆ ಸಾಲಾಗಿ ಬರುವ ಚಾಕೊಲೇಟು. ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಮತ್ತೆ ಬೆಲ್ಟಿನ ಮೇಲಿಡಬೇಕು. ಒಂದೇ ಒಂದು ಸುತ್ತದೆ ಮುಂದೆ ಹೋದರೂ ಕೆಲಸದಿಂದ ತೆಗೆಯುತ್ತೇನೆ ಅಂತ ಸೂಪರ್‌ವೈಸರ್ ಹೆಂಗಸು ಗದರಿ ಹೋಗುತ್ತಾಳೆ. ಮೊದಲು ಬೆಲ್ಟು ನಿಧಾನ. ಇಬ್ಬರೂ ನೆಮ್ಮದಿಯಾಗಿ ಸುತ್ತುತ್ತಾರೆ. ಆಮೇಲೆ ಅದು ಜೋರಾಗುತ್ತದೆ, ಇನ್ನೂ ಜೋರಾಗುತ್ತದೆ. ಕೈಗೆ ಸಿಕ್ಕದ್ದನ್ನು ಬಾಯಿಗೆ ತುರುಕುತ್ತಾರೆ, ಟೋಪಿಯೊಳಗೆ, ರವಿಕೆಯೊಳಗೆ ತುಂಬಿಕೊಳ್ಳುತ್ತಾರೆ.

"ಇದ್ಯಾವಳೇ ಈ ಕಣ್ ಬಿಡೋಳು?" ಅಂತ ಅಕ್ಕ ಕತ್ತು ತಿರುಗಿಸಿದಳು. ಅವಳು ಓದಿದ್ದು ಏಳನೇ ಕ್ಲಾಸು, ಇಂಗ್ಲಿಷ್ ಬರದು. ಅರ್ಧ ನಿಮಿಷ ನೋಡಿರಬೇಕು, "ಅಯ್ಯೋ, ಬಂಡಲ್ ಬೀಳ್ತಾ ಐತೆ ನೋಡೇ! ಹಿಂದಿನೋಳು ಬಿಡ್ತಾನೇ ಅವ್ಳೆ!" ಎಂದು ಕೂಗಿದಳು. ಅಷ್ಟರಲ್ಲಿ ಸೂಪರ್‌ವೈಸರ್ ವಾಪಸು ಬಂದಳು. ಬೆಲ್ಟು ಖಾಲಿ. ಇಬ್ಬರ ಬಾಯಿ ಉಬ್ಬಿದೆ, ಉಸಿರಾಡಲು ಆಗುತ್ತಿಲ್ಲ. ಸೂಪರ್‌ವೈಸರ್‌ಗೆ ಕಾಣುವುದು ಖಾಲಿ ಬೆಲ್ಟು ಮಾತ್ರ. ಭೇಷ್ ಎಂದು ಮೆಚ್ಚಿ, ಇನ್ನೂ ಜೋರು ಮಾಡಿ ಅಂತ ಒಳಗೆ ಕೂಗಿ ಹೇಳುತ್ತಾಳೆ. ಅಕ್ಕ ಸೊಂಟ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

ಆಮೇಲೆ ಹೇಳಿದಳು. ಅವರ ಲೈನಿನಲ್ಲಿ ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್. ಗಂಟೆಗಂಟೆಗೂ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಾರೆ. ಹಿಂದಿನ ಮಿಷನ್ನಿನವಳು ಮುಗಿಸಿ ತಳ್ಳುತ್ತಾಳೆ, ಮುಂದಿನವಳು ಕಾಯುತ್ತಿರುತ್ತಾಳೆ, ನಡುವೆ ಇದ್ದವಳ ಮುಂದೆ ಪೀಸು ಗುಡ್ಡೆ ಬಿದ್ದರೆ ಅವಳ ಮಾನ ಹೋಯಿತು. ಒಂದು ದಿನ ಜ್ವರ ಬಂದು ಕೈ ಓಡದೆ, ಆರು ಕಾಲರನ್ನು ಮಡಚಿ ಊಟದ ಬ್ಯಾಗಿನಲ್ಲಿ ಮುಚ್ಚಿಟ್ಟಿದ್ದಳಂತೆ. ಊಟದ ಹೊತ್ತಲ್ಲಿ ಉಣ್ಣದೆ ಅವನ್ನು ಹೊಲಿದು ಸೇರಿಸಿದಳಂತೆ. "ಯಾರಿಗೂ ಹೇಳಿರ್ನಿಲ್ಲ ಕಣೆ. ನಿಮ್ ಭಾವಂಗೂ ಹೇಳಿರ್ನಿಲ್ಲ." ಆ ಆರು ಕಾಲರಿನ ಕತೆ ನನಗೆ ಗೊತ್ತಾಗಲು, 1952ರಲ್ಲಿ ಅಮೆರಿಕದ ಒಬ್ಬ ಹೆಂಗಸು ಬಾಯಿ ತುಂಬ ಚಾಕೊಲೇಟು ತುರುಕಿಕೊಂಡಿರಬೇಕಾಯಿತು.

ಆ ಹೆಂಗಸು ಯಾರೆಂದು ಹುಡುಕಿಕೊಂಡು ಹೋದದ್ದು ಅದಕ್ಕೇ.

ಹೆಸರು ಲೂಸಿಲ್ ಬಾಲ್. ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್ ಎಂಬ ಊರಲ್ಲಿ 1911ರ ಆಗಸ್ಟ್ 6ರಂದು ಹುಟ್ಟಿದ್ದು. ಮೂರು ತುಂಬಿದ ಮಗುವಾಗಿದ್ದಾಗಲೇ ತಂದೆ ಟೈಫಾಯಿಡ್‌ನಿಂದ ತೀರಿಕೊಂಡರು. ಬೆಳೆದದ್ದು ಅಜ್ಜನ ಆಶ್ರಯದಲ್ಲಿ. ಮನೆಯ ಹಿತ್ತಲಲ್ಲಿ ಬಂದೂಕಿನ ಗುರಿ ಅಭ್ಯಾಸ ನಡೆಯುವಾಗ ನೆರೆಯ ಹುಡುಗನಿಗೆ ಗುಂಡು ತಗುಲಿ, ಕೋರ್ಟು ಕಚೇರಿಯಾಗಿ, ಇದ್ದ ಮನೆಯೂ ಹೋಯಿತು. ಹದಿನೈದರ ಹರೆಯದಲ್ಲಿ ನಟನೆ ಕಲಿಯಲು ನ್ಯೂಯಾರ್ಕ್ ನಗರಕ್ಕೆ ಕಳಿಸಿದರೆ, ಈ ಹುಡುಗಿ ಬಾಯೇ ಬಿಡುವುದಿಲ್ಲ, ದುಡ್ಡು ದಂಡ ಅಂತ ಶಾಲೆಯವರು ತಾಯಿಗೆ ತಿಳಿಸಿದರು. ಸಂಕೋಚ ಅಷ್ಟಿತ್ತು. ಆಮೇಲೆ ಬಟ್ಟೆ ಅಂಗಡಿಯಲ್ಲಿ ಹೊಸ ಉಡುಪು ತೊಟ್ಟು ಗಿರಾಕಿಗಳಿಗೆ ತೋರಿಸುವ ಕೆಲಸ. ಇದನ್ನು ಓದಿದಾಗ ಅಕ್ಕನಿಗೆ ಹೇಳಿದೆ: ನೀನು ಹೊಲಿಯೋಳು, ಅವಳು ಉಟ್ಟು ನಿಲ್ಲೋಳು ಅಂತ.

1933ರಲ್ಲಿ ಸಿನಿಮಾಕ್ಕೆ ಬಂದಳು. ಹಾಡಿನ ಗುಂಪಿನಲ್ಲಿ ನಿಲ್ಲುವ ಹುಡುಗಿಯಾಗಿ, ಒಂದು ಮಾತು ಎರಡು ಮಾತಿನ ಪಾತ್ರವಾಗಿ, ಆರ್‌ಕೆಓ ಸ್ಟುಡಿಯೋದ ಸಂಬಳದವಳಾಗಿ ವರ್ಷಗಳು ಕಳೆದವು. ಸಣ್ಣ ಬಜೆಟ್ಟಿನ ಚಿತ್ರಗಳ ರಾಣಿ ಎಂಬ ಹೆಸರು ಬಂತೇ ಹೊರತು ದೊಡ್ಡ ನಾಯಕಿಯಾಗಲಿಲ್ಲ. ಕೂದಲಿಗೆ ಕೆಂಪು ಬಣ್ಣ ಹಚ್ಚಿಸಿದ್ದು ಇನ್ನೊಂದು ಸ್ಟುಡಿಯೋ, 40ರ ದಶಕದಲ್ಲಿ. ಆ ಕೆಂಪು ಕೂದಲಿನಿಂದ ಜಗತ್ತಿಗೆಲ್ಲ ಹೆಸರಾದಳು. ಜನ ಅವಳನ್ನು ಮನೆಮನೆಯಲ್ಲಿ ನೋಡಿದ್ದು ಕಪ್ಪು ಬಿಳುಪಿನಲ್ಲಿ.

ಇಲ್ಲಿ ಸ್ವಲ್ಪ ನಿಂತು ನನ್ನ ಅಪ್ಪನ ಮಾತು ಹೇಳಬೇಕು. ಅಪ್ಪನನ್ನು ಬಿಟ್ಟು ನನಗೆ ನಗೆಯ ನಟರ ಬಗ್ಗೆ ಯೋಚಿಸಲು ಬರುವುದಿಲ್ಲ.

ನಮ್ಮದು ಗುಬ್ಬಿ ತಾಲ್ಲೂಕಿನ ಹಳ್ಳಿ. ನಮ್ಮ ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಆಡದ ಊರಿಲ್ಲ. ಮೂರು ತಿಂಗಳು ಪ್ರಾಕ್ಟೀಸು, ಹಾರ್ಮೋನಿಯಂ ಮೇಷ್ಟ್ರು, ತುಮಕೂರಿನಿಂದ ಬಾಡಿಗೆಗೆ ತರುವ ಸೀನರಿ. ಅಪ್ಪ ಶಕುನಿ ಪಾತ್ರ ಮಾಡುತ್ತಿದ್ದ. ಅವನಿಗೆ ಗುಬ್ಬಿ ವೀರಣ್ಣನವರೆಂದರೆ ದೇವರು. 1884ರಲ್ಲಿ ನಮ್ಮ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ, ಅದಕ್ಕೆ ಯಜಮಾನರಾದ ವೀರಣ್ಣನವರು ರಂಗದ ಮೇಲೆ ಹಾಸ್ಯಗಾರರು. ಸದಾರಮೆ ನಾಟಕದಲ್ಲಿ ಅವರದು ಕಳ್ಳನ ಪಾತ್ರ. ರಾಜನ ಪಾತ್ರದವರನ್ನು ಬಿಟ್ಟು ಕಳ್ಳನನ್ನು ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದ. ನರಸಿಂಹರಾಜು ಅವರೂ ನಮ್ಮ ಜಿಲ್ಲೆಯವರೇ, ತಿಪಟೂರಿನವರು. ಉಮಾಶ್ರೀ ಅವರು ನೊಣವಿನಕೆರೆಯವರು. ಕೊಬ್ಬರಿ ಬೆಳೆಯುವ ಈ ಒಣ ಸೀಮೆ ಕನ್ನಡಿಗರಿಗೆ ಕೊಟ್ಟ ನಗುವನ್ನು ಲೆಕ್ಕ ಹಾಕಿದರೆ ನನಗೆ ಈಗಲೂ ಹೆಮ್ಮೆಯಾಗುತ್ತದೆ.

ಅಪ್ಪ ಪ್ರಾಕ್ಟೀಸಿನಲ್ಲಿ ಹುಡುಗರಿಗೆ ಒಂದೇ ಪಾಠ ಹೇಳುತ್ತಿದ್ದ: "ಜನ ನಗ್ತಾ ಇರೋವಾಗ ಮುಂದಿನ ಮಾತು ಎತ್ತಬ್ಯಾಡ. ಕಾಯಿ. ನಗು ಇಳಿಯೋಕೆ ಒಂಚೂರು ಮೊದ್ಲು ಎತ್ತು." ಆ ಒಂಚೂರು ಎಷ್ಟು ಅಂತ ಅವನು ಬಾಯಲ್ಲಿ ಹೇಳಲಾರ. ಕೈ ಎತ್ತಿ ಗಾಳಿಯಲ್ಲಿ ಹಿಡಿದು, ಆಮೇಲೆ ಬಿಡುತ್ತಿದ್ದ.

ಲೂಸಿಲ್ ಬಾಲ್ ಈ ಕಾಯುವಿಕೆ ಕಲಿತದ್ದು ರೇಡಿಯೋದಲ್ಲಿ. 1948ರಿಂದ ಸಿಬಿಎಸ್ ಎಂಬ ಅಮೆರಿಕದ ಪ್ರಸಾರ ಸಂಸ್ಥೆಯ ರೇಡಿಯೋದಲ್ಲಿ ಗಂಡ ಹೆಂಡತಿಯ ಹಾಸ್ಯದ ಧಾರಾವಾಹಿಯೊಂದರಲ್ಲಿ ಹೆಂಡತಿಯಾಗಿ ಮಾತಾಡುತ್ತಿದ್ದಳು. ಸ್ಟುಡಿಯೋದಲ್ಲಿ ಎದುರಿಗೆ ಕೂತ ಜನರನ್ನು ಕಂಡರೆ ಆಕೆಯ ಮುಖ, ಕೈ, ಕಾಲು ಎಲ್ಲವೂ ಆಟ ಶುರು ಮಾಡುತ್ತಿದ್ದವು. ಅದನ್ನೇ ಟೀವಿಗೆ ತರೋಣ ಅಂತ ಸಿಬಿಎಸ್‌ನವರು ಕೇಳಿದಾಗ ಆಕೆ ಒಂದು ಷರತ್ತು ಹಾಕಿದಳು: ಗಂಡನ ಪಾತ್ರಕ್ಕೆ ನನ್ನ ಗಂಡನೇ ಬೇಕು. ಗಂಡ ಡೆಸಿ ಅರ್ನಾಜ್, ಕ್ಯೂಬಾದಿಂದ ಬಂದ ಹಾಡುಗಾರ. 1940ರಲ್ಲಿ ಮದುವೆ. ಅವನು ಊರೂರು ಸುತ್ತುವ ಬ್ಯಾಂಡಿನವನು, ಇವಳು ಹಾಲಿವುಡ್ಡಿನಲ್ಲಿ. ಒಂದೇ ಮನೆಯಲ್ಲಿ ಕೂಡಿ ಬಾಳುವುದೇ ಆಗಿರಲಿಲ್ಲ. ಬೇರೆ ದೇಶದ ಉಚ್ಚಾರದವನನ್ನು ಅಮೆರಿಕದ ಹೆಣ್ಣಿನ ಗಂಡ ಅಂತ ಜನ ಒಪ್ಪುವುದಿಲ್ಲ ಎಂದು ಸಂಸ್ಥೆಯವರು ಹಿಂಜರಿದರು. ಗಂಡ ಹೆಂಡತಿ ಒಂದು ಹಾಸ್ಯದ ತುಣುಕು ಕಟ್ಟಿಕೊಂಡು 1950ರಲ್ಲಿ ಊರಿಂದೂರಿಗೆ ಹೋಗಿ ರಂಗದ ಮೇಲೆ ಆಡಿ ತೋರಿಸಿದರು. ಜನ ಒಪ್ಪಿದರು. ಕ್ಯಾಂಪು ಹಾಕುವ ನಾಟಕ ಕಂಪನಿಯವರ ಹಾಗೆ, ಟಿಕೆಟ್ಟು ಕೊಂಡು ಕೂತವರಿಂದಲೇ ಉತ್ತರ ಹೇಳಿಸಿದರು.

"ಐ ಲವ್ ಲೂಸಿ" ಎಂಬ ಆ ಟೀವಿ ಧಾರಾವಾಹಿ 1951ರ ಅಕ್ಟೋಬರ್ 15ರಂದು ಶುರುವಾಯಿತು. ಅದರಲ್ಲಿ ಆಕೆಯ ಪಾತ್ರದ ಹೆಸರು ಲೂಸಿ. ಆಗ ಆಕೆಗೆ 40 ವರ್ಷ. ಮೊದಲ ಮಗು ಹುಟ್ಟಿ ಮೂರು ತಿಂಗಳಾಗಿತ್ತು. ಬಾಣಂತಿ ಅಂತ ನಾವು ಮೂಲೆಯಲ್ಲಿ ಕೂರಿಸುವ ಹೊತ್ತಲ್ಲಿ ಆಕೆ ಜಾರಿ ಬೀಳುವುದು, ಕಿಟಕಿ ಹತ್ತುವುದು ಎಲ್ಲವನ್ನೂ ಅಭ್ಯಾಸ ಮಾಡುತ್ತಿದ್ದಳು.

ಆಗ ಅಮೆರಿಕದ ಟೀವಿ ಕಾರ್ಯಕ್ರಮಗಳು ಹೆಚ್ಚಾಗಿ ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ದೇಶದ ಇನ್ನೊಂದು ತುದಿಯವರಿಗೆ ಟೀವಿ ಪರದೆಯಿಂದಲೇ ಮತ್ತೆ ಚಿತ್ರೀಕರಿಸಿದ ಮಸುಕು ಪ್ರತಿ ಸಿಗುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಲಾಸ್ ಏಂಜಲೀಸ್ ಬಿಟ್ಟು ಬರಲು ಒಪ್ಪಲಿಲ್ಲ. ಸಿನಿಮಾದ ಹಾಗೆ ಫಿಲ್ಮಿನಲ್ಲೇ ತೆಗೆಯುತ್ತೇವೆ, ಮೂರು ಕ್ಯಾಮೆರಾ ಒಟ್ಟಿಗೆ ಓಡಲಿ, ಎದುರಿಗೆ ಸುಮಾರು 300 ಜನ ಕೂತು ನೋಡಲಿ ಎಂದರು. ಕಾರ್ಲ್ ಫ್ರಾಯಿಂಡ್ ಎಂಬ ಜರ್ಮನಿಯ ಹಿರಿಯ ಛಾಯಾಗ್ರಾಹಕ, ಮೂರೂ ಕ್ಯಾಮೆರಾಗೆ ಒಂದೇ ಬೆಳಕು ಹೊಂದುವ ಹಾಗೆ ಸೆಟ್ಟಿನ ಮೇಲಿನಿಂದ ದೀಪ ಕಟ್ಟುವ ಉಪಾಯ ಮಾಡಿದ. ಇಂದಿಗೂ ಎಷ್ಟೋ ಕಾಮಿಡಿ ಧಾರಾವಾಹಿಗಳು ನಡೆಯುವುದು ಹಾಗೆಯೇ. ಖರ್ಚು ಹೆಚ್ಚಾಯಿತು. ನಮ್ಮ ಸಂಬಳದಲ್ಲಿ ವಾರಕ್ಕೆ 1000 ಡಾಲರ್ ಮುರಿದುಕೊಳ್ಳಿ, ಆದರೆ ಫಿಲ್ಮು ನಮ್ಮದಾಗಿರಲಿ ಅಂದರು. ಒಮ್ಮೆ ತೋರಿಸಿದ ಮೇಲೆ ಫಿಲ್ಮು ಯಾರಿಗೆ ಬೇಕು ಎಂಬ ಲೆಕ್ಕದಲ್ಲಿ ಎದುರಿನವರು ಒಪ್ಪಿಬಿಟ್ಟರು.

ಇದನ್ನು ಓದಿ ಹೇಳಿದಾಗ ಅಕ್ಕ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದಳು. "ಅಂದ್ರೆ ಪೀಸು ಅವ್ರದ್ದೇ ಆಯ್ತಾ?"

ಹೂಂ, ಪೀಸು ಅವರದೇ ಆಯಿತು. ಮರುಪ್ರಸಾರ ಎಂಬ ವ್ಯಾಪಾರ ಬೆಳೆದ ಮೇಲೆ ಅದೇ ಫಿಲ್ಮನ್ನು ಸಿಬಿಎಸ್ ಲಕ್ಷಾಂತರ ಡಾಲರ್ ಕೊಟ್ಟು ಕೊಂಡಿತು. ಆ ಬಲದ ಮೇಲೆ ಗಂಡ ಹೆಂಡತಿ 1957ರಲ್ಲಿ ಆರ್‌ಕೆಓ ಸ್ಟುಡಿಯೋಗಳನ್ನು ಖರೀದಿಗೆ ಹಿಡಿದರು. ಇಪ್ಪತ್ತು ವರ್ಷದ ಹಿಂದೆ ಆಕೆ ಮಾಮೂಲಿ ಸಂಬಳಕ್ಕೆ ನಿಂತಿದ್ದ ಜಾಗ ಅದು. ಅಕ್ಕ ತುಂಬ ಹೊತ್ತು ಸುಮ್ಮನಿದ್ದು, "ಹೊಲಿತಿದ್ದ ಫ್ಯಾಕ್ಟ್ರೀನೇ ಕೊಂಡಂಗಾಯ್ತಲ್ಲೇ" ಎಂದಳು. ಅವಳ 14 ವರ್ಷಕ್ಕೆ ಕೈಗೆ ಬಂದದ್ದು ಪಿಎಫ್ ದುಡ್ಡು. ಅದರಲ್ಲಿ ಮಗಳ ಮದುವೆಯ ಸಾಲ ತೀರಿತು.

ಚಾಕೊಲೇಟಿನ ಕಂತಿನ ಕತೆಯನ್ನು ಪೂರ್ತಿ ಹೇಳಿಬಿಡುತ್ತೇನೆ, ಏಕೆಂದರೆ ಅದರ ಅರ್ಧ ಭಾಗವನ್ನಷ್ಟೇ ಎಲ್ಲರೂ ನೋಡಿರುತ್ತಾರೆ. ಲೂಸಿ ದುಡ್ಡಿನ ಲೆಕ್ಕ ತಪ್ಪಿಸುತ್ತಾಳೆ. ದುಡಿಯುವುದು ಎಷ್ಟು ಕಷ್ಟ ನಿನಗೇನು ಗೊತ್ತು ಅಂತ ಗಂಡ ರೇಗುತ್ತಾನೆ. ಸರಿ, ಅದಲು ಬದಲು ಮಾಡೋಣ ಅಂತ ಪಂಥ. ಹೆಂಗಸರು ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಗಂಡಸರು ಅಡಿಗೆಮನೆಗೆ. ಗಂಡ ಅನ್ನಕ್ಕೆ ಅಂತ ಅಕ್ಕಿಯನ್ನು ಸೇರುಗಟ್ಟಲೆ ಸುರಿದು, ಅದು ಉಕ್ಕಿ ಒಲೆಯಿಂದ ನೆಲಕ್ಕೆ ಹರಿಯುತ್ತದೆ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಇದಕ್ಕೆ ನಕ್ಕವರು ನನ್ನ ಯಜಮಾನರು. ಕಾರ್ಖಾನೆಯಲ್ಲಿ ಲೂಸಿಯ ಪಕ್ಕ ಕೂತು ಚಾಕೊಲೇಟು ಅದ್ದುವ ಹೆಂಗಸು ನಟಿಯಲ್ಲ, ನಿಜವಾಗಿ ಅದೇ ಕೆಲಸ ಮಾಡುತ್ತಿದ್ದವಳು. ಅವಳ ಕೈ ನೋಡಿ. ಕ್ಯಾಮೆರಾ ಇದೆ ಅನ್ನುವ ಪರಿವೆಯೇ ಆ ಕೈಗಿಲ್ಲ. ಅಕ್ಕ ಅದನ್ನು ಹೆಸರು ಗೊತ್ತಿಲ್ಲದೆಯೇ ಗುರುತಿಸಿದಳು: "ಇವ್ಳು ಕೆಲ್ಸದೋಳು ಕಣೆ."

ಬಸುರಿನ ಪ್ರಸಂಗವೂ ಇದೆ. 1952ರಲ್ಲಿ ಲೂಸಿಲ್ ಮತ್ತೆ ಗರ್ಭಿಣಿಯಾದಳು. ಹೊಟ್ಟೆ ಮರೆಮಾಡಿ, ಸೋಫಾದ ಹಿಂದೆ ನಿಲ್ಲಿಸಿ ಅಂತ ಸಲಹೆಗಳು ಬಂದವು. ಅವರು ಅದನ್ನೇ ಕತೆ ಮಾಡಿದರು. ಪಾದ್ರಿ ಒಬ್ಬರು, ಪ್ರಾಟೆಸ್ಟಂಟ್ ಗುರು ಒಬ್ಬರು, ಯಹೂದಿ ಗುರು ಒಬ್ಬರು ಸ್ಕ್ರಿಪ್ಟು ಓದಿ ಒಪ್ಪಿಗೆ ಕೊಡಬೇಕಾಗಿತ್ತು. ಗರ್ಭಿಣಿ ಎಂಬ ನೇರ ಪದ ಬಳಸುವ ಹಾಗಿಲ್ಲ, ನಿರೀಕ್ಷೆಯಲ್ಲಿದ್ದಾಳೆ ಎನ್ನಬೇಕು. ನಮ್ಮಲ್ಲಿ "ಏನಾದ್ರೂ ವಿಶೇಷನಾ?" ಅಂತ ಕೇಳುವುದಿಲ್ಲವೇ, ಹಾಗೆ. 1953ರ ಜನವರಿ 19ರ ಬೆಳಗ್ಗೆ ಆಪರೇಷನ್ ಆಗಿ ನಿಜವಾದ ಮಗ ಹುಟ್ಟಿದ, ಅದೇ ರಾತ್ರಿ ಟೀವಿಯಲ್ಲಿ ಲೂಸಿಗೂ ಗಂಡು ಮಗು. ಸುಮಾರು 4 ಕೋಟಿ 40 ಲಕ್ಷ ಜನ ನೋಡಿದರು. ಮರುದಿನ ಅಧ್ಯಕ್ಷ ಐಸೆನ್‌ಹೋವರ್ ಪ್ರಮಾಣವಚನ ನೋಡಿದವರು ಸುಮಾರು 2 ಕೋಟಿ 90 ಲಕ್ಷ. ಅಕ್ಕ ಏಳು ತಿಂಗಳು ತುಂಬುವ ತನಕ ಮಿಷನ್ನಿನ ಮೇಲೆ ಬಗ್ಗಿ ಹೊಲಿದವಳು. ಅವಳ ಹೊಟ್ಟೆಯನ್ನು ಯಾರೂ ಮರೆಮಾಡಿಸಲಿಲ್ಲ. ಟಾರ್ಗೆಟ್ಟನ್ನೂ ಇಳಿಸಲಿಲ್ಲ.

ಲೂಸಿಯ ಎಲ್ಲ ಕಂತುಗಳೂ ನನಗೆ ಹಿಡಿಸಿವೆ ಎಂದರೆ ಸುಳ್ಳಾಗುತ್ತದೆ. ಲೂಸಿಗೆ ರಂಗಕ್ಕೆ ಹೋಗುವ ಆಸೆ, ಗಂಡ ಬೇಡ ಎನ್ನುತ್ತಾನೆ, ಅವಳು ಕದ್ದು ಹೋಗಿ ಎಡವಟ್ಟು ಮಾಡಿಕೊಳ್ಳುತ್ತಾಳೆ, ಕೊನೆಗೆ ಕ್ಷಮೆ ಕೇಳುತ್ತಾಳೆ. ಕೆಲವು ಕಂತುಗಳಲ್ಲಿ ಗಂಡ ಅವಳನ್ನು ತೊಡೆಯ ಮೇಲೆ ಮಲಗಿಸಿ ಮಗುವಿಗೆ ಬಡಿಯುವ ಹಾಗೆ ಬಡಿಯುತ್ತಾನೆ. ಅಲ್ಲಿ ನನಗೆ ನಗು ಬರುವುದಿಲ್ಲ, ಮಗಳಿಗೂ ಬರಲಿಲ್ಲ. ಹೊರಗೆ ದುಡಿಯಲು ಅಪ್ಪಣೆ ಇಲ್ಲದ ಹೆಂಡತಿಯ ಪಾತ್ರವನ್ನು, ನೂರಾರು ಜನಕ್ಕೆ ಕೆಲಸ ಕೊಟ್ಟ ಹೆಂಗಸು ಆರು ವರ್ಷ ಮಾಡಿದಳು. ಒಟ್ಟು 180 ಕಂತು.

ಆಕೆಯ ತಾಲೀಮು ಬಲು ಕಟ್ಟುನಿಟ್ಟು. ವಾರದಲ್ಲಿ ನಾಲ್ಕು ದಿನ ಓದು, ಅಭ್ಯಾಸ, ಆಮೇಲೆ ಒಂದು ಸಂಜೆ ಜನರ ಮುಂದೆ ಆಟ. ಬರಹಗಾರರಲ್ಲಿ ಮ್ಯಾಡಲಿನ್ ಪ್ಯೂ ಎಂಬ ಹೆಂಗಸು ಇದ್ದಳು. ಹೊಸ ಕಸರತ್ತು ಬರೆದರೆ, ಹೆಣ್ಣಿನ ಮೈಗೆ ಅದು ಆಗುತ್ತದೋ ಇಲ್ಲವೋ ಅಂತ ತಾನೇ ಮೊದಲು ಮಾಡಿ ನೋಡುತ್ತಿದ್ದಳು. ನಗು ಹಾಗೆ ಮೈಮುರಿದು ತಯಾರಾಗುವ ವಸ್ತು.

ಅದಕ್ಕೇ ನನಗೆ ನಮ್ಮೂರಿಗೆ ಬಂದಿದ್ದ ಒಬ್ಬ ನಟಿ ನೆನಪಾದರು. ಕುರುಕ್ಷೇತ್ರಕ್ಕೆ ಹೆಣ್ಣು ಪಾತ್ರದವರನ್ನು ದುಡ್ಡು ಕೊಟ್ಟು ಕರೆಸುತ್ತಿದ್ದರು. ಒಂದು ವರ್ಷ ಬಂದವರು ರುಕ್ಮಿಣಿ ಪಾತ್ರ ಮುಗಿಸಿ, ನಡುರಾತ್ರಿ ಜನ ತೂಕಡಿಸುವ ಹೊತ್ತಿಗೆ ಒಂದು ಹಾಸ್ಯದ ಸೀನು ಮಾಡಿದರು. ಸೀರೆ ಎತ್ತಿ ಕಟ್ಟಿ, ಮೂತಿ ಸೊಟ್ಟ ಮಾಡಿ, ಬಿದ್ದು ಎದ್ದು ಇಡೀ ಬಯಲನ್ನು ಎಬ್ಬಿಸಿದರು. ಬೆಳಗ್ಗೆ ನಮ್ಮ ಹಿತ್ತಲಲ್ಲಿ ಕೂತು ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ಮಂಡಿ ಊದಿಕೊಂಡಿತ್ತು. ಅವ್ವ ಬಿಸಿನೀರು, ಕಾಫಿ ಕೊಟ್ಟಳು. ರಾತ್ರಿಯೆಲ್ಲ ನಕ್ಕಿದ್ದ ಗಂಡಸರೇ ಅರಳಿಕಟ್ಟೆಯ ಮೇಲೆ ಅವರ ಬಗ್ಗೆ ಹಗುರವಾಗಿ ಮಾತಾಡಿದ್ದು ನನ್ನ ಕಿವಿಗೂ ಬಿತ್ತು. ಆಗ ನನಗೆ ಹತ್ತು ವರ್ಷ. ಅಪ್ಪ ಒಬ್ಬನೇ ಅವರನ್ನು "ಅಮ್ಮ" ಎಂದು ಕರೆದು, ಬಸ್ಸಿನ ತನಕ ಪೆಟ್ಟಿಗೆ ಹೊತ್ತುಕೊಂಡು ಹೋದ.

ಉಮಾಶ್ರೀ ಅವರನ್ನೂ ನಾವು ಎಷ್ಟು ವರ್ಷ ಹಾಗೇ ನೋಡಿದೆವು. ಸಿನಿಮಾದಲ್ಲಿ ಎರಡರ್ಥದ ಮಾತಿಗೆ ಕರೆಯುವ ನಟಿ ಅಂತ. ದೇವನೂರ ಮಹಾದೇವ ಅವರ ಒಡಲಾಳ ರಂಗಕ್ಕೆ ಬಂದಾಗ ಸಾಕವ್ವನಾಗಿ ನಿಂತ ಅದೇ ನಟಿಯನ್ನು ಕಂಡವರು ಬೆರಗಾದರು. ಗಿರೀಶ್ ಕಾಸರವಳ್ಳಿ ಅವರ ಗುಲಾಬಿ ಟಾಕೀಸ್‌ಗೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ ಉಳಿದವರೂ ಒಪ್ಪಿದರು. ನನ್ನ ಮಟ್ಟಿಗೆ, ಆ ಹಳೆಯ ಹಾಸ್ಯಪಾತ್ರಗಳಲ್ಲೂ ಇದ್ದದ್ದು ಅದೇ ಉಮಾಶ್ರೀ. ಆ ಸಮಯಪ್ರಜ್ಞೆ, ಆ ಕಣ್ಣು ಪ್ರಶಸ್ತಿಯ ಜೊತೆ ಬಂದದ್ದಲ್ಲ.

ಈಟಿವಿ ಕನ್ನಡದಲ್ಲಿ ಸಿಲ್ಲಿ ಲಲ್ಲಿ, ಪಾಪ ಪಾಂಡು ಬರುತ್ತಿದ್ದ ಕಾಲಕ್ಕೆ ಅಕ್ಕ ಆಗಷ್ಟೇ ಗಾರ್ಮೆಂಟ್ಸ್ ಸೇರಿದ್ದಳು. ರಜೆಯಲ್ಲಿ ನಾನು ಅವಳ ಮನೆಗೆ ಹೋದರೆ, ಕೆಲಸದಿಂದ ಬಂದವಳು ಕಾಲು ನೀಡಿ ಕೂತು ಮಂಜುಭಾಷಿಣಿ ಅವರ ಲಲಿತಮ್ಮನನ್ನು ನೋಡುತ್ತಿದ್ದಳು. ಸಮಾಜಸೇವಕಿ ಎಂದು ಸೆರಗು ಹೊದ್ದು ಓಡಾಡುವ ಆ ಲಲಿತಮ್ಮ ಒಂದು ಮಾತು ಆಡಿ, ತಾನು ನಗದೆ, ಎದುರಿನವರ ಮುಖ ನೋಡುವ ಆ ಗಳಿಗೆ ಇದೆಯಲ್ಲ, ಅಪ್ಪ ಗಾಳಿಯಲ್ಲಿ ಕೈ ಹಿಡಿದು ತೋರಿಸುತ್ತಿದ್ದದ್ದು ಅದನ್ನೇ. ಪಾಪ ಪಾಂಡುವಿನ ಶ್ರೀಮತಿಯಾಗಿ ಶಾಲಿನಿ ಅವರು ಪಾತ್ರೆ ಎತ್ತಿದರೆ ಅಕ್ಕ ತಾನೇ ಎತ್ತಿದ ಹಾಗೆ ಕುಶಿಪಡುತ್ತಿದ್ದಳು. ಹೊಲಿಗೆ ಮಿಷನ್ನಿನ ಸದ್ದು ಕಿವಿಯಿಂದ ಇಳಿಯುವುದೇ ಆ ಅರ್ಧ ಗಂಟೆಯಲ್ಲಿ ಅಂತ ಒಮ್ಮೆ ಹೇಳಿದ್ದಳು. ಆ ನಟಿಯರಿಗೆ ಇದು ಯಾರಾದರೂ ಹೇಳಿದ್ದಾರೋ ಇಲ್ಲವೋ, ನಾನಾದರೂ ಇಲ್ಲಿ ಬರೆದಿಡುತ್ತೇನೆ.

ಲೂಸಿಲ್ ಬಾಲ್‌ಳ ಮುಂದಿನ ಬದುಕು ಬೇಗ ಹೇಳಿ ಮುಗಿಸಬಹುದು. ಕುಡಿತ, ಬೇರೆ ಹೆಂಗಸರ ಸಹವಾಸ ಅಂತ ಗಂಡನ ಜೊತೆ ಬಾಳು ಹದಗೆಟ್ಟು 1960ರಲ್ಲಿ ವಿಚ್ಛೇದನ. 1962ರಲ್ಲಿ ಅವನ ಪಾಲಿನ ಷೇರುಗಳನ್ನು ಕೊಂಡು, ಇಬ್ಬರೂ ಸೇರಿ ಕಟ್ಟಿದ್ದ ಡೆಸಿಲು ಎಂಬ ಕಂಪನಿಗೆ ತಾನೇ ಮುಖ್ಯಸ್ಥೆಯಾದಳು. ಹಾಲಿವುಡ್ಡಿನ ಅಷ್ಟು ದೊಡ್ಡ ಸ್ಟುಡಿಯೋ ಅದುವರೆಗೆ ಹೆಂಗಸಿನ ಕೈಯಲ್ಲಿ ಇರಲಿಲ್ಲ. ಸ್ಟಾರ್ ಟ್ರೆಕ್ ಧಾರಾವಾಹಿ ತಯಾರಾದದ್ದು ಆಕೆಯ ಯಜಮಾನಿಕೆಯಲ್ಲೇ, ಇಷ್ಟು ಖರ್ಚು ಬೇಡ ಎಂದವರ ಮಾತು ಮೀರಿ. 1967ರಲ್ಲಿ ಕಂಪನಿಯನ್ನು 1 ಕೋಟಿ 70 ಲಕ್ಷ ಡಾಲರಿಗೆ ಮಾರಿದಳು. ಟೀವಿಯಲ್ಲಿ ಬೇರೆ ಬೇರೆ ಹೆಸರಿನಲ್ಲಿ 1974ರ ತನಕ ಲೂಸಿಯಾಗಿಯೇ ಇದ್ದಳು. 1986ರಲ್ಲಿ, 75ರ ವಯಸ್ಸಿನಲ್ಲಿ, ಮತ್ತೆ ಒಂದು ಧಾರಾವಾಹಿ. ಎಂಟು ಕಂತಿಗೆ ನಿಲ್ಲಿಸಿದರು. ಆ ವಯಸ್ಸಿನಲ್ಲೂ ಏಣಿ ಹತ್ತಿ ಜೋತಾಡುವ ಪಾತ್ರ. ನೋಡುವವರಿಗೆ ನಗುವಿಗಿಂತ ಆತಂಕವೇ ಹೆಚ್ಚಾಯಿತು. 1989ರ ಏಪ್ರಿಲ್ 26ರಂದು ತೀರಿಕೊಂಡಳು.

ಅಕ್ಕ ಊರಿಗೆ ಹೊರಡುವ ಹಿಂದಿನ ರಾತ್ರಿ ಮತ್ತೊಮ್ಮೆ ಬೆಲ್ಟಿನ ಸೀನು ಹಾಕಿಸಿದಳು. ಈ ಸಲ ನಗಲಿಲ್ಲ. ಮೊಬೈಲನ್ನು ಮುಖದ ಹತ್ತಿರ ಹಿಡಿದು, ಹಿಂದಕ್ಕೆ ಓಡಿಸಿ, ಮತ್ತೆ ನೋಡಿದಳು. ಆಮೇಲೆ ಡಬ್ಬಿಯಿಂದ ಒಂದು ಕಡಲೆಮಿಠಾಯಿ ತೆಗೆದು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಚೌಕವಾಗಿ ಹರಿದು ನನ್ನ ಮಗಳನ್ನು ಹತ್ತಿರ ಕರೆದಳು.

"ಕಾಗದಾನ ಬಲಗೈಲಿ ಹಿಡ್ದವ್ಳೆ, ಅದಕ್ಕೇ ತಡ ಆಗ್ತೈತೆ ಅವ್ಳಿಗೆ. ಕಾಗದ ಎಡಗೈಲಿ ಇರ್ಬೇಕು. ಪೀಸು ಬರೋಕ್ ಮುಂಚೆ ಬೆಳ್ಳು ಹಿಂಗೆ ಮಡ್ಚಿ ತಯಾರ್ ಇರ್ಬೇಕು. ಹಿಂಗೆ. ಆಮೇಲೆ ಬರೀ ಒಂದ್ ತಿರುವು."

ಮಿಠಾಯಿ ಸುತ್ತಿಕೊಂಡು ಮಗಳ ಅಂಗೈಗೆ ಬಿತ್ತು. ಅಕ್ಕನ ಬೆರಳುಗಳು ಆಗಲೇ ಮುಂದಿನದಕ್ಕೆ ಮಡಚಿಕೊಂಡು ಕಾಯುತ್ತಿದ್ದವು.